ರಾಗ ಹಾಕುವವರ ಕೈಗಂಟು

“ಸಂಗೀತದ ಬಗ್ಗೆ ಏನಾದರೂ ಬರೀರಿ. ಆದ್ರೆ ಭಾಷಣ ಬೇಡ, ನಮಗೆ ಕೆಲಸಕ್ಕೆ ಬರಬೇಕು” ಎಂದು ನಿಮ್ಮ ಸಂಪಾದಕರು ಮನೆಗೇ ಬಂದು ಹೇಳಿ ಹೋದರು. ನಾನೇನೂ ಸಂಗೀತಗಾರನಲ್ಲ. ಹಗಲು ಗುಮಾಸ್ತಿಕೆ, ರಾತ್ರಿ ನಾಟಕದ ತಾಲೀಮು ಎಂದು ಡೊಂಬಿವಲಿ ಲೋಕಲಿನಲ್ಲಿ ಆಯುಷ್ಯ ಕಳೆದವನು. ಕನ್ನಡ ನಾಟಕಗಳ ಪದಗಳಿಗೆ ರಾಗ ಹಾಕಿದ್ದೇನೆ, ಭಾವಗೀತೆ ಹಾಡಿಸಿದ್ದೇನೆ, ಒಂದೆರಡು ಸಾಕ್ಷ್ಯಚಿತ್ರಗಳ ಹಿನ್ನೆಲೆಗೆ ಕೈ ಹಚ್ಚಿದ್ದೇನೆ. ನನಗೆ ಗೊತ್ತಿರುವುದು ಒಂದೇ: ಯಾವ ಸಂದೇಹ ಬಂದಾಗ ಯಾವ ಪುಸ್ತಕ ತೆಗೆಯಬೇಕು, ಯಾರ ಬಾಗಿಲು ತಟ್ಟಬೇಕು ಎಂಬುದು. ಅದನ್ನು ಕಲಿತದ್ದು ಒಂದು ದೊಡ್ಡ ಅವಮಾನದಿಂದ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಾನಾಗ ನಿಮ್ಮಂತೆಯೇ ಕಾಲೇಜು ಹುಡುಗ. ಅಂತರಕಾಲೇಜು ನಾಟಕ ಸ್ಪರ್ಧೆ. ಮಗನನ್ನು ಕಳೆದುಕೊಂಡ ತಾಯಿಯ ಒಂದು ಪದ ನಾಟಕದಲ್ಲಿತ್ತು. ಅದಕ್ಕೆ ನಾನೇ ರಾಗ ಹಾಕಿದ್ದೆ. ನಮ್ಮ ಚಾಳಿನ ಮೇಲಿನ ಮಾಳಿಗೆಯಲ್ಲಿದ್ದ ಮೈಸೂರು ಕಡೆಯ ಟೀಚರರ ಹತ್ತಿರ ಎರಡು ವರ್ಷ ಸರಳೆ, ಜಂಟಿ, ನಾಲ್ಕು ಗೀತೆ ಕಲಿತ ಭಂಡವಾಳ ನನ್ನದು. ಹಾಡುವವಳು ಮೊದಲ ವರ್ಷದ ಹುಡುಗಿ, ಒಳ್ಳೆ ಕಂಠ. ತಾಲೀಮಿಗೆ ಬರುತ್ತಿದ್ದ ಪೇಟಿಯವರಿಗೆ ಪ್ರಯೋಗದ ದಿನವೇ ಜ್ವರ ಬಂತು. ಕಲ್ಯಾಣದಿಂದ ಒಬ್ಬ ಮರಾಠಿ ಕಾಕಾ ಓಡೋಡಿ ಬಂದರು. ಪರದೆ ಏಳಲು ಅರ್ಧ ತಾಸು ಇತ್ತು. “ಯಾವ ರಾಗ?” ಎಂದು ಕೇಳಿದರು. ನಾನು ಗತ್ತಿನಿಂದ “ಹಿಂದೋಳ” ಅಂದೆ. “ಹಾಂ, ಹಿಂಡೋಲ್, ಚಾಂಗಲಾ” ಎಂದು ಕಾಕಾ ತಲೆ ಆಡಿಸಿದರು. ಅಲ್ಲಿಗೆ ಕೆಲಸ ಕೆಟ್ಟಿತು.

ಕರ್ನಾಟಕ ಸಂಗೀತದ ಹಿಂದೋಳ ಹಿಂದೂಸ್ತಾನಿಯಲ್ಲಿ ಮಾಲಕೌಂಸ್. ಅದರ ಸ್ವರ ಷಡ್ಜ, ಕೋಮಲ ಗಾಂಧಾರ, ಶುದ್ಧ ಮಧ್ಯಮ, ಕೋಮಲ ಧೈವತ, ಕೋಮಲ ನಿಷಾದ. ಹಿಂದೂಸ್ತಾನಿಯ ಹಿಂಡೋಲ್ ಬೇರೆಯೇ ರಾಗ. ಅದರಲ್ಲಿ ಶುದ್ಧ ಗಾಂಧಾರ, ತೀವ್ರ ಮಧ್ಯಮ, ಶುದ್ಧ ಧೈವತ, ಶುದ್ಧ ನಿಷಾದ. ಇವೆರಡಕ್ಕೂ ಷಡ್ಜ ಒಂದನ್ನು ಬಿಟ್ಟರೆ ಸಮಾನವಾದ ಸ್ವರವೇ ಇಲ್ಲ! ಹುಡುಗಿ ಒಂದು ಕಡೆ, ಪೇಟಿ ಇನ್ನೊಂದು ಕಡೆ. ಮೂರನೆಯ ಸಾಲಿಗೆ ಅವಳು ನಿಂತುಬಿಟ್ಟಳು. ಸಭೆಯಲ್ಲಿ ಯಾರೋ ನಕ್ಕರು. ತಾಯಿಯ ದುಃಖದ ಪದಕ್ಕೆ ನಗೆ! ಆ ಹುಡುಗಿ ಮತ್ತೆ ನಮ್ಮ ತಾಲೀಮಿಗೆ ಬರಲಿಲ್ಲ. ನಾನು ಒಮ್ಮೆ ಅವಳನ್ನು ಕಂಡು ತಪ್ಪು ನನ್ನದು ಎಂದು ಹೇಳಬೇಕಿತ್ತು, ಹೇಳಲಿಲ್ಲ. ಇಂದಿಗೂ ಅದು ಗಂಟಲಲ್ಲಿ ಮುಳ್ಳಿನ ಹಾಗೆ ಇದೆ.

ಆ ರಾತ್ರಿ ಸ್ಟೇಷನ್ನಿಗೆ ನಡೆಯುವಾಗ ಕಾಕಾ ಬೈಯಲಿಲ್ಲ. ಒಂದೇ ಮಾತು ಹೇಳಿದರು: “ನಾವ್ ನಕೋ ರೇ, ಸೂರ್ ಸಾಂಗ್.” ಹೆಸರು ಬೇಡಪ್ಪಾ, ಸ್ವರ ಹೇಳು. ಈ ಲೇಖನವೆಲ್ಲ ಆ ಒಂದು ಮಾತಿನ ವಿಸ್ತರಣೆ ಅಂತ ತಿಳಿಯಿರಿ.

೧. ಒಂದೇ ಶ್ರುತಿ, ಮೂರು ಹೆಸರು

ನಮ್ಮ ಈ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ವಿಶೇಷವೇನೆಂದರೆ ಒಂದೇ ತಾಲೀಮಿನ ಕೋಣೆಯಲ್ಲಿ ಮೂರು ಸಂಗೀತ ಸೇರುತ್ತವೆ. ಮೈಸೂರು ಕಡೆಯವರದು ಕರ್ನಾಟಕ ಪದ್ಧತಿ, ಧಾರವಾಡ ಕಡೆಯವರದೂ ಮರಾಠಿ ಮಿತ್ರರದೂ ಹಿಂದೂಸ್ತಾನಿ, ಕೀಬೋರ್ಡ್ ಗಿಟಾರಿನ ಹುಡುಗರದು ಇಂಗ್ಲಿಷ್ ಅಕ್ಷರ. ಅದಕ್ಕೇ ಮೊದಲ ಜಗಳ ಶ್ರುತಿಯಲ್ಲಿ. ಪೇಟಿಯವರು “ಕಾಳೀ ಏಕ್” ಎನ್ನುತ್ತಾರೆ. ಅಂದರೆ ಕಪ್ಪು ಒಂದು. ಅದೇ ಕೀಬೋರ್ಡಿನವನಿಗೆ ಸಿ ಶಾರ್ಪ್, ಕರ್ನಾಟಕದವರಿಗೆ ಒಂದೂವರೆ ಶ್ರುತಿ.

ಇದಕ್ಕೆ ಒಂದು ಪಟ್ಟಿ ಮಾಡಿ ನೋಟುಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿಕೊಳ್ಳಿ. ಬಿಳಿ ಒಂದು ಎಂದರೆ ಸಿ, ಒಂದು ಶ್ರುತಿ. ಬಿಳಿ ಎರಡು ಡಿ, ಬಿಳಿ ಮೂರು ಇ, ಬಿಳಿ ನಾಲ್ಕು ಎಫ್, ಬಿಳಿ ಐದು ಜಿ, ಬಿಳಿ ಆರು ಎ, ಬಿಳಿ ಏಳು ಬಿ. ಬಿಳಿ ಮನೆಗಳಲ್ಲಿ ಕರ್ನಾಟಕದವರ ಅಂಕಿಯೂ ಅದೇ. ತೊಡಕು ಇರುವುದು ಕಪ್ಪು ಮನೆಗಳಲ್ಲಿ. ಕಪ್ಪು ಒಂದು ಎಂದರೆ ಒಂದೂವರೆ, ಕಪ್ಪು ಎರಡು ಎಂದರೆ ಎರಡೂವರೆ. ಇಲ್ಲಿಯವರೆಗೆ ಸರಿ. ಆದರೆ ಕಪ್ಪು ಮೂರು ಎಂದರೆ ನಾಲ್ಕೂವರೆ, ಕಪ್ಪು ನಾಲ್ಕು ಎಂದರೆ ಐದೂವರೆ, ಕಪ್ಪು ಐದು ಎಂದರೆ ಆರೂವರೆ. ಯಾಕೆ ಹೀಗೆ? ಪೇಟಿ ನೋಡಿ. ಬಿಳಿ ಮೂರಕ್ಕೂ ನಾಲ್ಕಕ್ಕೂ ನಡುವೆ ಕಪ್ಪು ಮನೆಯೇ ಇಲ್ಲ. ಹೀಗಾಗಿ ಮೂರೂವರೆ ಎಂಬ ಶ್ರುತಿಯೂ ಇಲ್ಲ. “ನಾಲ್ಕು” ಎಂದಷ್ಟೇ ಹೇಳಿದರೆ ಒಬ್ಬ ಎಫ್ ಹಿಡಿಯುತ್ತಾನೆ, ಇನ್ನೊಬ್ಬ ಜಿ ಶಾರ್ಪ್ ಹಿಡಿಯುತ್ತಾನೆ. ಹಾಡುವವಳ ಗಂಟಲು ಮೂರು ಮನೆ ಮೇಲೇರಿದ ಮೇಲೆ ಯಾರನ್ನು ಬೈದು ಏನು ಫಲ?

೨. ರಾಗದ ಹೆಸರನ್ನು ನಂಬಬೇಡಿ

ಹಿಂದೋಳದಂಥ ಮೋಸದ ಹೆಸರುಗಳು ಇನ್ನೂ ಇವೆ. ಕರ್ನಾಟಕದ ತೋಡಿ ಹಿಂದೂಸ್ತಾನಿ ಭೈರವಿಯ ಸ್ವರಗಳದ್ದು. ಹಿಂದೂಸ್ತಾನಿ ತೋಡಿ ಕರ್ನಾಟಕದ ಶುಭಪಂತುವರಾಳಿಯ ಸ್ವರಗಳದ್ದು. ಹಿಂದೂಸ್ತಾನಿ ಭೂಪಾಲಿ ನಮಗೆ ಮೋಹನ. ಕರ್ನಾಟಕದ ಭೂಪಾಳವೋ ಕೋಮಲ ಸ್ವರಗಳ ಬೆಳಗಿನ ರಾಗ. ಕರ್ನಾಟಕದ ಶ್ರೀರಾಗ ಖರಹರಪ್ರಿಯದ ವಂಶ, ಹಿಂದೂಸ್ತಾನಿಯ ಶ್ರೀ ಪೂರ್ವಿಯ ವಂಶ.

ಇದನ್ನೆಲ್ಲ ಕಂಠಪಾಠ ಮಾಡಬೇಕಾಗಿಲ್ಲ. ಕನ್ನಡ ಅಕ್ಷರಮಾಲೆ ಬಲ್ಲ ನಿಮ್ಮ ಹತ್ತಿರ ಒಂದು ಬೀಗದ ಕೈ ಆಗಲೇ ಇದೆ. ಅದರ ಹೆಸರು ಕಟಪಯಾದಿ. ಕ ದಿಂದ ಝ ವರೆಗೆ ಒಂದರಿಂದ ಒಂಬತ್ತು, ಞ ಸೊನ್ನೆ. ಟ ದಿಂದ ಧ ವರೆಗೆ ಮತ್ತೆ ಒಂದರಿಂದ ಒಂಬತ್ತು, ನ ಸೊನ್ನೆ. ಪ ದಿಂದ ಮ ವರೆಗೆ ಒಂದರಿಂದ ಐದು. ಯ ದಿಂದ ಹ ವರೆಗೆ ಒಂದರಿಂದ ಎಂಟು. ಮೇಳರಾಗದ ಹೆಸರಿನ ಮೊದಲೆರಡು ಅಕ್ಷರ ತೆಗೆದುಕೊಂಡು ಅಂಕಿ ಬರೆದು ತಿರುವಿ ಹಾಕಿದರೆ ಅದರ ನಂಬರು ಸಿಗುತ್ತದೆ. ಧೀರಶಂಕರಾಭರಣದ ಧೀ ಒಂಬತ್ತು, ರ ಎರಡು. ತಿರುವಿದರೆ 29. ಮೇಚಕಲ್ಯಾಣಿಯಲ್ಲಿ ಮೇ ಐದು, ಚ ಆರು. ತಿರುವಿದರೆ 65. ಮಾಯಾಮಾಳವಗೌಳ 15, ಖರಹರಪ್ರಿಯ 22, ಹನುಮತೋಡಿ 8. ಶಂಕರಾಭರಣಕ್ಕೆ “ಧೀರ” ಎಂಬ ತಲೆ ಬಂದದ್ದೂ ಕಲ್ಯಾಣಿಗೆ “ಮೇಚ” ಎಂಬ ತಲೆ ಬಂದದ್ದೂ ಈ ಲೆಕ್ಕ ಕೂಡಲಿ ಎಂದೇ.

ನಂಬರು ಸಿಕ್ಕರೆ ಸ್ವರ ಸಿಕ್ಕ ಹಾಗೆಯೇ. ಒಟ್ಟು 72 ಮೇಳ. 36ರ ತನಕ ಶುದ್ಧ ಮಧ್ಯಮ, ಆಮೇಲೆ ತೀವ್ರ, ಅಂದರೆ ಕರ್ನಾಟಕದವರ ಪ್ರತಿಮಧ್ಯಮ. ಆರಾರು ಮೇಳಕ್ಕೆ ಒಂದು ಚಕ್ರ. ಎಷ್ಟನೆಯ ಚಕ್ರ ಎಂಬುದರಿಂದ ರಿಷಭ ಗಾಂಧಾರ ತಿಳಿಯುತ್ತವೆ, ಚಕ್ರದೊಳಗೆ ಎಷ್ಟನೆಯದು ಎಂಬುದರಿಂದ ಧೈವತ ನಿಷಾದ. 15 ಎಂದರೆ ಮೂರನೆಯ ಚಕ್ರದ ಮೂರನೆಯ ಮೇಳ: ಕೋಮಲ ರಿ, ಶುದ್ಧ ಗ, ಕೋಮಲ ಧ, ಶುದ್ಧ ನಿ. ಹಿಂದೂಸ್ತಾನಿಯವರಿಗೆ ಇದು ಭೈರವ್ ಥಾಟು. ಹೀಗೇ ಹತ್ತು ಥಾಟುಗಳಿಗೂ ಹತ್ತು ನಂಬರು ಕೊಡಬಹುದು. ಬಿಲಾವಲ್ 29, ಕಲ್ಯಾಣ್ 65, ಖಮಾಜ್ 28, ಭೈರವ್ 15, ಕಾಫಿ 22, ಆಸಾವರಿ 20, ಭೈರವಿ 8, ತೋಡಿ 45, ಪೂರ್ವಿ 51, ಮಾರವಾ 53. ಈ ಒಂದು ಸಾಲು ಅಂದು ನನ್ನ ಜೇಬಿನಲ್ಲಿದ್ದಿದ್ದರೆ ಕಾಕಾ ಅವರಿಗೆ “20ರ ಸ್ವರಗಳಲ್ಲಿ ರಿ ಪ ಬಿಡಿ” ಎಂದು ಅರ್ಧ ನಿಮಿಷದಲ್ಲಿ ತಿಳಿಸಬಹುದಿತ್ತು.

ಎರಡೂ ಪದ್ಧತಿ ಹೀಗೆ ಕೂಡುವುದು ಆಕಸ್ಮಿಕವಲ್ಲ. 72 ಮೇಳದ ಲೆಕ್ಕ ಕೊಟ್ಟ ವೆಂಕಟಮಖಿ 17ನೆಯ ಶತಮಾನದಲ್ಲಿ ತಂಜಾವೂರಿನಲ್ಲಿದ್ದವರು, ಕನ್ನಡ ಮೂಲದ ಗೋವಿಂದ ದೀಕ್ಷಿತರ ಮಗ. ಅವರ ‘ಚತುರ್ದಂಡಿಪ್ರಕಾಶಿಕೆ’ಯನ್ನು ನಮ್ಮ ಮುಂಬಯಿಯ ವಕೀಲ ವಿಷ್ಣು ನಾರಾಯಣ ಭಾತಖಂಡೆ (1860–1936) ದಕ್ಷಿಣಕ್ಕೆ ಹೋಗಿ ಹುಡುಕಿ ಓದಿದರು. ಹಿಂದೂಸ್ತಾನಿ ರಾಗಗಳನ್ನು ಹತ್ತು ಥಾಟುಗಳಲ್ಲಿ ಜೋಡಿಸುವ ದಾರಿ ಅವರಿಗೆ ಹೊಳೆದದ್ದರಲ್ಲಿ ಆ ಓದಿನ ಪಾಲು ದೊಡ್ಡದು.

ಒಂದು ಎಚ್ಚರಿಕೆ. ಸ್ವರ ಒಂದೇ ಆದರೆ ರಾಗ ಒಂದೇ ಆಗುವುದಿಲ್ಲ. ಭೂಪಾಲಿಗೂ ದೇಶಕಾರಕ್ಕೂ ಸ್ವರ ಅವೇ ಐದು. ಒಂದರಲ್ಲಿ ಗಾಂಧಾರದ ಯಜಮಾನಿಕೆ, ಇನ್ನೊಂದರಲ್ಲಿ ಧೈವತದ್ದು. ನಂಬರು ಮನೆಯ ವಿಳಾಸ ಮಾತ್ರ. ಒಳಗೆ ಯಾರಿದ್ದಾರೆ ಎಂಬುದನ್ನು ಹೋಗಿಯೇ ನೋಡಬೇಕು.

೩. ಕಪಾಟಿನ ಪುಸ್ತಕಗಳು

ಮೊದಲ ಪುಸ್ತಕ ಭಾತಖಂಡೆಯವರ ‘ಕ್ರಮಿಕ ಪುಸ್ತಕ ಮಾಲಿಕೆ’, ಆರು ಭಾಗ. ರಾಗದ ಲಕ್ಷಣ, ಆರೋಹ ಅವರೋಹ, ಹಿಡಿತ, ಆಮೇಲೆ ಸ್ವರಲಿಪಿಯೊಡನೆ ಬಂದಿಶುಗಳು. ಮೂಲ ಮರಾಠಿ. ಶಾಲೆಯಲ್ಲಿ ಮರಾಠಿ ಕಲಿತ ನಿಮಗೆ ಅದು ಕಷ್ಟವಲ್ಲ. ಉತ್ತರಪ್ರದೇಶದ ಹಾಥರಸಿನ ಸಂಗೀತ ಕಾರ್ಯಾಲಯ ಹಿಂದಿಯಲ್ಲೂ ತಂದಿದೆ. ಅದರ ಲಿಪಿ ಸುಲಭ: ಅಕ್ಷರದ ಕೆಳಗೆ ಅಡ್ಡಗೆರೆ ಇದ್ದರೆ ಕೋಮಲ, ಮ ಮೇಲೆ ನೆಟ್ಟಗೆರೆ ಇದ್ದರೆ ತೀವ್ರ, ಮೇಲೆ ಚುಕ್ಕೆ ಇದ್ದರೆ ತಾರ, ಕೆಳಗೆ ಚುಕ್ಕೆ ಇದ್ದರೆ ಮಂದ್ರ. ವಿಷ್ಣು ದಿಗಂಬರ ಪಲುಸ್ಕರರ (1872–1931) ಲಿಪಿ ಬೇರೆ, ಅದರ ಗುರುತುಗಳೂ ಬೇರೆ. ಪುಸ್ತಕ ತೆರೆದಾಗ ಮೊದಲು ಲಿಪಿ ಯಾವುದೆಂದು ನೋಡಿ. ಪಲುಸ್ಕರ ಪರಂಪರೆಯ ವಿನಾಯಕರಾವ್ ಪಟವರ್ಧನರ ‘ರಾಗವಿಜ್ಞಾನ’ವೂ ಬಿ. ಆರ್. ದೇವಧರರ ‘ರಾಗಬೋಧ’ವೂ ಕ್ರಮಿಕದ ಪಕ್ಕದಲ್ಲಿರಲಿ. ಒಂದೇ ರಾಗದ ಬಗ್ಗೆ ಇಬ್ಬರು ದೊಡ್ಡವರು ಎಲ್ಲಿ ಭಿನ್ನವಾಗುತ್ತಾರೆ ಎಂಬುದೇ ದೊಡ್ಡ ಪಾಠ. ದೇವಧರರೇ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ನಮ್ಮ ಕುಮಾರ ಗಂಧರ್ವರಿಗೆ ಮುಂಬಯಿಯಲ್ಲಿ ಗುರುಗಳಾದವರು. ಕುಮಾರರ ‘ಅನೂಪರಾಗವಿಲಾಸ’ದ ಮೊದಲ ಭಾಗ 1965ರಲ್ಲಿ ಬಂತು. ಹಳೆಯ ರಾಗದೊಳಗೆ ಹೊಸ ಹಾಡು ಕಟ್ಟುವುದು ಹೇಗೆ ಎಂದು ನೋಡಬೇಕಾದವರು ಅದನ್ನು ತೆರೆಯಲಿ.

ಎರಡು ಪದ್ಧತಿಯ ನಡುವೆ ಓಡಾಡುವ ನಮ್ಮಂಥವರಿಗೆ ಹೇಳಿ ಮಾಡಿಸಿದ ಪುಸ್ತಕ ಬಿ. ಸುಬ್ಬರಾವ್ ಅವರ ‘ರಾಗನಿಧಿ’. ನಾಲ್ಕು ಸಂಪುಟ, ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಪ್ರಕಟಣೆ. ಹಿಂದೂಸ್ತಾನಿ, ಕರ್ನಾಟಕ ಎರಡರ ರಾಗಗಳೂ ಒಂದೇ ಅಕಾರಾದಿಯಲ್ಲಿ. ಹೆಸರಿನ ಮೋಸಕ್ಕೆ ಇದಕ್ಕಿಂತ ಒಳ್ಳೆ ಮದ್ದಿಲ್ಲ. ಕರ್ನಾಟಕ ಸಂಗೀತದ ಪಾರಿಭಾಷಿಕ ಪದ, ವಾದ್ಯ, ವಾಗ್ಗೇಯಕಾರರ ವಿಷಯಕ್ಕೆ ಪಿ. ಸಾಂಬಮೂರ್ತಿಯವರ ನಿಘಂಟು ಇದೆ. ವಾದ್ಯಗಳ ಬಗ್ಗೆ ಬಿ. ಚೈತನ್ಯದೇವರ ಪುಸ್ತಕಗಳಿವೆ. ಕನ್ನಡದಲ್ಲೇ ಓದಬೇಕೆಂದರೆ ಮೈಸೂರಿನ ರಾ. ಸತ್ಯನಾರಾಯಣರ ‘ಕರ್ನಾಟಕ ಸಂಗೀತವಾಹಿನಿ’ ಹಿಡಿಯಿರಿ. ಸಣ್ಣ ಸಂದೇಹಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ಸಾಕು. ಯಕ್ಷಗಾನದ ಪದ ಕಟ್ಟುವವರು ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಓದದೆ ಕೈ ಹಾಕಬಾರದು. ಅದಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು.

ಇಂಗ್ಲಿಷಿನಲ್ಲಿ ಎರಡು ಹೇಳುತ್ತೇನೆ. ವಾಲ್ಟರ್ ಕಾಫ್‌ಮನ್ ಎಂಬವರು ಯುರೋಪಿನಿಂದ ಬಂದು ಮುಂಬಯಿ ಆಕಾಶವಾಣಿಯಲ್ಲಿ ದುಡಿದವರು. ಬೆಳಿಗ್ಗೆ ರೇಡಿಯೋ ಹಚ್ಚಿದರೆ ಕೇಳುತ್ತಿದ್ದ ಆ ತಂಬೂರಿ ಪಿಟೀಲಿನ ಗುರುತಿನ ರಾಗ ಅವರದೆಂದು ಹೇಳುತ್ತಾರೆ. ಅವರು 1968ರಲ್ಲಿ ಉತ್ತರದ ರಾಗಗಳ ಮೇಲೆ, 1976ರಲ್ಲಿ ದಕ್ಷಿಣದ ರಾಗಗಳ ಮೇಲೆ ಒಂದೊಂದು ದೊಡ್ಡ ಗ್ರಂಥ ತಂದರು. ಪಾಶ್ಚಾತ್ಯ ಸ್ವರಲಿಪಿಯಲ್ಲೇ ಇರುವುದರಿಂದ ಕೀಬೋರ್ಡಿನ ಮಿತ್ರರಿಗೆ ಬಹಳ ಉಪಯೋಗ. ಇನ್ನೊಂದು ಯೂಪ್ ಬೋರ್ ಅವರ ‘ದಿ ರಾಗ ಗೈಡ್’, 1999. 74 ರಾಗಗಳಿಗೆ ಟಿಪ್ಪಣಿ, ಜೊತೆಗೆ ನಾಲ್ಕು ಸಿ.ಡಿ. ಓದಿದ ರಾಗವನ್ನು ಆಗಲೇ ಕೇಳಬಹುದು. ಹರಿಪ್ರಸಾದ ಚೌರಾಸಿಯಾ, ಶ್ರುತಿ ಸಡೋಲಿಕರ್ ಮೊದಲಾದವರು ನುಡಿಸಿ ಹಾಡಿದ್ದು.

“ಸಂಗೀತ ರತ್ನಾಕರ ಓದಬೇಕೇ ಸರ್?” ಎಂದು ಒಬ್ಬ ಹುಡುಗ ಕೇಳಿದ. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವನ ಗ್ರಂಥ ಅದು. ವಿಜಯನಗರದ ಕಲ್ಲಿನಾಥ ಅದಕ್ಕೆ ಟೀಕೆ ಬರೆದ. ಅದಕ್ಕೂ ಹಿಂದೆ, 12ನೆಯ ಶತಮಾನದಲ್ಲಿ, ಇನ್ನೊಂದು ಕಲ್ಯಾಣದಲ್ಲಿ, ಅಂದರೆ ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಗೀತ ವಾದ್ಯಗಳಿಗೆ ಜಾಗ ಕೊಟ್ಟ. ಇವು ನಮ್ಮ ಹಿರಿಯರು. ಊರಿಗೆ ಹೋದಾಗ ನಮಸ್ಕಾರ ಮಾಡಬೇಕು. ಆದರೆ ನಾಳೆಯ ತಾಲೀಮಿಗೆ ಏನು ಮಾಡಲಿ ಎಂದು ಅವರನ್ನು ಕೇಳಬಾರದು. ಅವರ ರಾಗ ಇಂದಿನ ರಾಗವಲ್ಲ.

೪. ತಾಳಕ್ಕೆ ನಿಮ್ಮ ಛಂದಸ್ಸೇ ಪುಸ್ತಕ

ಇದು ಕನ್ನಡ ವಿದ್ಯಾರ್ಥಿಗಳಾದ ನಿಮಗೆ ಪುಕ್ಕಟೆ ಸಿಕ್ಕ ಆಸ್ತಿ. ಪರೀಕ್ಷೆಗೆಂದು ಬಯ್ದುಕೊಂಡು ಓದುವ ಛಂದಸ್ಸು ರಾಗ ಹಾಕುವವನ ಕೈಪಿಡಿ. ಭೋಗಷಟ್ಪದಿಯಲ್ಲಿ ಮೂರು ಮಾತ್ರೆಯ ಗಣ. ಆರು ಮಾತ್ರೆಯ ದಾದ್ರಾ ಅದಕ್ಕೆ ಮೈಗೆ ಹೊಲಿದ ಅಂಗಿ. ಶರ, ಪರಿವರ್ಧಿನಿಗಳಲ್ಲಿ ನಾಲ್ಕರ ಗಣ. ಎಂಟು ಮಾತ್ರೆಯ ಕೆಹರವಾ ಕೂಡುತ್ತದೆ. ಕುಸುಮ, ವಾರ್ಧಕಗಳಲ್ಲಿ ಐದರ ಗಣ. ಹತ್ತು ಮಾತ್ರೆಯ ಝಪತಾಲ, ಅಥವಾ ಖಂಡಚಾಪು. ಭಾಮಿನಿಯಲ್ಲಿ ಮೂರು ನಾಲ್ಕು, ಮೂರು ನಾಲ್ಕು. ಏಳು ಮಾತ್ರೆಯ ರೂಪಕದ ಮೂರು ಎರಡು ಎರಡು ಅದಕ್ಕೆ ಸರಿಯಾಗಿ ಕೂರುತ್ತದೆ. ಕರ್ನಾಟಕದವರು ಮಿಶ್ರಚಾಪು ಹಾಕಬಹುದು.

ಆಧುನಿಕ ಕವಿತೆಗೂ ಹೀಗೇ. ಮೊದಲು ಪ್ರಸ್ತಾರ ಹಾಕಿ, ಗಣ ಎಣಿಸಿ, ಆಮೇಲೆ ತಬಲಾದವರಿಗೆ ಹೇಳಿ. ಐದರ ಗಣದ ಕವಿತೆಯನ್ನು ಕೆಹರವಾದೊಳಗೆ ತುರುಕಿ, ಲಘುವನ್ನು ಎಳೆದು ಗುರು ಮಾಡಿ, ಪದದ ಅರ್ಥವನ್ನೇ ಕೊಂದ ಎಷ್ಟೋ ಭಾವಗೀತೆ ಕೇಳಿದ್ದೇನೆ. (ಅವುಗಳಲ್ಲಿ ಎರಡು ನನ್ನವೇ.) ಡಿ. ಎಸ್. ಕರ್ಕಿಯವರ ‘ಕನ್ನಡ ಛಂದೋವಿಕಾಸ’ ಕಾಲೇಜು ಗ್ರಂಥಾಲಯದಲ್ಲಿ ಇದ್ದರೆ ಇಂದೇ ತನ್ನಿ.

೫. ಕೇಳುವ ಆಕರ, ಹೋಗುವ ಜಾಗ

ಸಿನಿಮಾ ಹಾಡಿನ ವಿಷಯಕ್ಕೆ ಕಾನಪುರದ ಹರಮಂದಿರ್ ಸಿಂಗ್ ‘ಹಮರಾಜ್’ ಅವರ ‘ಹಿಂದಿ ಫಿಲ್ಮ್ ಗೀತ್ ಕೋಶ್’ ಇದೆ. 1931ರಿಂದ ಹತ್ತು ಹತ್ತು ವರ್ಷಕ್ಕೆ ಒಂದೊಂದು ಸಂಪುಟ. ಯಾವ ಚಿತ್ರ, ಯಾವ ಹಾಡು, ಯಾರು ಬರೆದದ್ದು, ಯಾರು ಹಾಡಿದ್ದು, ಎಲ್ಲ ಇದೆ. “ಈ ಧಾಟಿ ನನ್ನದೇ” ಎಂದು ಎದೆ ತಟ್ಟುವ ಮುಂಚೆ ಒಮ್ಮೆ ಹಳೆಯ ಹಾಡುಗಳನ್ನು ಕೇಳಿ ನೋಡುವುದು ಒಳ್ಳೆಯದು. ನಮ್ಮ ಕಿವಿ ಕಳ್ಳ. ಚಿಕ್ಕಂದಿನಲ್ಲಿ ಕೇಳಿದ್ದನ್ನು ಅದು ಸ್ವಂತದ್ದೆಂದು ನಮಗೇ ಮಾರುತ್ತದೆ. ಹಳೆಯ 78ರ ತಟ್ಟೆಗಳ ಬಗ್ಗೆ ತಿಳಿಯಬೇಕಾದರೆ ಮುಂಬಯಿಯಲ್ಲಿ 1990ರಲ್ಲಿ ಶುರುವಾದ ರೆಕಾರ್ಡು ಸಂಗ್ರಾಹಕರ ಸಂಘದ ‘ದಿ ರೆಕಾರ್ಡ್ ನ್ಯೂಸ್’ ಎಂಬ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ನೋಡಿ. ನರೀಮನ್ ಪಾಯಿಂಟಿನ ಎನ್.ಸಿ.ಪಿ.ಎ. 1969ರಲ್ಲಿ ಹುಟ್ಟಿದ್ದು, ಅಲ್ಲಿಯೂ ಧ್ವನಿಮುದ್ರಣಗಳ ಸಂಗ್ರಹವಿದೆ. ಈಗ ಮೊಬೈಲಿನಲ್ಲೇ ಎಲ್ಲ ಸಿಗುತ್ತದಲ್ಲ ಅಂತೀರಿ. ಸಿಗುತ್ತದೆ, ಸುಳ್ಳಲ್ಲ. ಆದರೆ ಅಲ್ಲಿ ಹಾಡಿನ ಕೆಳಗೆ ರಾಗದ ಹೆಸರು ಬರೆದವರು ಯಾರು? ನನ್ನಂಥವನೇ ಒಬ್ಬ ಇರಬಹುದು! ಎರಡು ಕಡೆ ತಾಳೆ ನೋಡದೆ ನಂಬಬೇಡಿ.

ದೂರ ಹೋಗಬೇಕಾಗಿಯೂ ಇಲ್ಲ. ಕಲ್ಯಾಣಕ್ಕೆ ರೈಲು ಬಂದದ್ದು 1854ರಲ್ಲಿ. ಹತ್ತೇ ವರ್ಷಕ್ಕೆ, 1864ರಲ್ಲಿ, ಅಲ್ಲಿಯ ಸಾರ್ವಜನಿಕ ವಾಚನಾಲಯ ತೆರೆಯಿತು. ಥಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದ್ದು. ಮರಾಠಿಯ ಸಂಗೀತ ಪುಸ್ತಕಗಳಿಗೆ ಇಂಥ ಹಳೆಯ ವಾಚನಾಲಯಗಳಲ್ಲೇ ಮೊದಲು ಹುಡುಕಬೇಕು. ವಾಶಿಯಲ್ಲಿ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಕಟ್ಟಡವೇ ಇದೆ. ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ತೆರೆದ ಶಾಲೆಯ ಪರಂಪರೆ ಅದು. ಮಂಡಳ ನಡೆಸುವ ಪ್ರಾರಂಭಿಕದಿಂದ ಅಲಂಕಾರದ ತನಕದ ಪರೀಕ್ಷೆಗಳ ಪಠ್ಯಕ್ರಮವನ್ನು ತಂದಿಟ್ಟುಕೊಳ್ಳಿ, ಪರೀಕ್ಷೆಗೆ ಕೂರದಿದ್ದರೂ ಸರಿ. ಯಾವ ರಾಗ ಮೊದಲು, ಯಾವುದು ಆಮೇಲೆ ಎಂಬ ಮೆಟ್ಟಿಲು ಅದರಲ್ಲಿದೆ. ಮಂಡಳದ ‘ಸಂಗೀತ ಕಲಾ ವಿಹಾರ’ ಎಂಬ ಪತ್ರಿಕೆಯ ಹಳೆಯ ಕಟ್ಟುಗಳೂ ಓದಬೇಕಾದವೇ.

ಇನ್ನು ಕಲ್ಯಾಣದ ಗಾಯನ ಸಮಾಜ. ಅವರ ದೇವಗಂಧರ್ವ ಉತ್ಸವ ಭಾಸ್ಕರಬುವಾ ಬಖಲೆಯವರ ನೆನಪಿನದು. ಆ ಬುವಾ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿದವರು. ಹೀಗೆ ಧಾರವಾಡದ ದಾರಿ ಕಲ್ಯಾಣಕ್ಕೂ ಬರುತ್ತದೆ. ಥಾಣೆಯಲ್ಲಿ ರಾಮ ಮರಾಠೆಯವರ ಹೆಸರಿನ ಉತ್ಸವ ಇದೆ. ಹೋಗಿ ಹಿಂದಿನ ಸಾಲಿನಲ್ಲಿ ಕೂತು ಕೇಳಿ. ಕೇಳಿದ್ದನ್ನು ಅದೇ ರಾತ್ರಿ ಕ್ರಮಿಕದಲ್ಲಿ ತೆರೆದು ನೋಡಿ.

೬. ಹಾಡು ಯಾರದು?

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಹೊರಗೆ ಕೆಲಸ ಮಾಡುವಾಗ ಮೊದಲು ಬೇಕಾಗುವುದು ಇದೇ. ನಮ್ಮ 1957ರ ಕೃತಿಸ್ವಾಮ್ಯ ಕಾನೂನಿನ ಪ್ರಕಾರ ಕವಿ ತೀರಿಕೊಂಡ ವರ್ಷ ಮುಗಿದ ಮೇಲೆ ಇನ್ನೂ 60 ವರ್ಷ ಹಕ್ಕು ಇರುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಬಿ. ಎಂ. ಶ್ರೀ 1946ರಲ್ಲಿ. ಇಬ್ಬರ ಪದ್ಯಗಳೂ ಈಗ ಎಲ್ಲರ ಆಸ್ತಿ. ಗೋವಿಂದ ಪೈಯವರು 1963ರಲ್ಲಿ ತೀರಿಕೊಂಡರು, 2024ರಿಂದ ಅವರ ಕವಿತೆಗಳೂ ಮುಕ್ತ. ಆದರೆ ಡಿ.ವಿ.ಜಿ. 1975, ರಾಜರತ್ನಂ 1979, ಬೇಂದ್ರೆ 1981, ಕುವೆಂಪು 1994. ಇವರಿಗೆಲ್ಲ 60 ಕೂಡಿಸಿ ನೋಡಿ. ಬೇಂದ್ರೆಯವರ ಪದಕ್ಕೆ 2041ರ ಕೊನೆಯ ತನಕ ಅನುಮತಿ ಬೇಕು.

ಕಾಲೇಜಿನೊಳಗೆ ವಿದ್ಯಾರ್ಥಿಗಳು, ಅಧ್ಯಾಪಕರು, ತಂದೆತಾಯಿಗಳ ಮುಂದೆ ಹಾಡುವುದಕ್ಕೆ ಕಾನೂನಿನಲ್ಲಿ ವಿನಾಯಿತಿ ಇದೆ. ಹವ್ಯಾಸಿ ಸಂಘದವರು ಟಿಕೇಟಿಲ್ಲದ ಸಭೆಗೆ ಹಾಡಿದರೂ ಇದೆ. ಅದನ್ನೇ ಧ್ವನಿಮುದ್ರಿಸಿ ಊರಿಗೆಲ್ಲ ಹಂಚುವಾಗ ಲೆಕ್ಕ ಬೇರೆ. ಇನ್ನೊಂದು ಮಾತು: ಪದ ಒಬ್ಬರದು, ಧಾಟಿ ಇನ್ನೊಬ್ಬರದು, ಧ್ವನಿಮುದ್ರಿಕೆ ಮೂರನೆಯವರದು. ಮೂರೂ ಬೇರೆ ಬೇರೆ ಹಕ್ಕು. ಪದ ಮುಕ್ತವಾದರೂ ಮೈಸೂರು ಅನಂತಸ್ವಾಮಿಯವರದೋ ಸಿ. ಅಶ್ವಥ್ ಅವರದೋ ಧಾಟಿ ಮುಕ್ತವಲ್ಲ. ಕಾನೂನು ಹಾಗಿರಲಿ, ಕರಪತ್ರದಲ್ಲಿ ಕವಿಯ ಹೆಸರು, ರಾಗ ಹಾಕಿದವರ ಹೆಸರು ಎರಡನ್ನೂ ಹಾಕುವುದು ಮರ್ಯಾದೆ.

೭. ಅಂಗಡಿಯಲ್ಲಿ ಸಿಗದ ಪುಸ್ತಕ

ಕೊನೆಯದಾಗಿ ಮನೆಯ ಮಾತು. ನಮ್ಮ ಅಜ್ಜಿ ಗದಗ ಕಡೆಯವಳು. ಕೊನೆಯ ಹತ್ತು ವರ್ಷ ಡೊಂಬಿವಲಿಯಲ್ಲಿ ನಮ್ಮ ಒಂದೂವರೆ ಕೋಣೆಯಲ್ಲಿ ಇದ್ದಳು. ಇಲ್ಲಿ ಬೀಸುವ ಕಲ್ಲಿಲ್ಲ, ಆದರೂ ನಸುಕಿನಲ್ಲಿ ಎದ್ದು ಅಕ್ಕಿ ಆರಿಸುತ್ತ ಬೀಸುವ ಪದ ಹಾಡುತ್ತಿದ್ದಳು. ಹಲಸಂಗಿ ಗೆಳೆಯರ ‘ಗರತಿಯ ಹಾಡು’ ಓದಿ ಹುರುಪು ಬಂದಿದ್ದ ನಾನು ಅವಳ ಮುಂದೆ ಕೂತು ಪದಗಳನ್ನು ಬರೆದುಕೊಂಡೆ. “ಬರಕೊಳ್ಳೋದು ಏನ್ ಬಂತೋ, ಹಾಡಿದ್ರ ಬರ್ತದ” ಅಂತ ಅವಳು ನಗುತ್ತಿದ್ದಳು. ಅರವತ್ತೆರಡು ತ್ರಿಪದಿ ಬರೆದೆ. ಎಲ್ಲವನ್ನೂ ಶುದ್ಧ ಅಕ್ಷರದಲ್ಲಿ.

ಅಜ್ಜಿ ಹೋಗಿ ಎಷ್ಟೋ ವರ್ಷಗಳ ಮೇಲೆ ಒಂದು ನಾಟಕಕ್ಕೆ ಅಂಥದೇ ಪದ ಬೇಕಾಯಿತು. ನೋಟುಬುಕ್ ತೆರೆದೆ. ಮಾತು ಅಷ್ಟೂ ಇತ್ತು, ಧಾಟಿ ಇರಲಿಲ್ಲ. ಮೂರನೆಯ ಸಾಲಿನಲ್ಲಿ ಅವಳು ಎಲ್ಲೋ ಒಂದು ಕಡೆ ದನಿ ಇಳಿಸಿ ಮತ್ತೆ ಎತ್ತುತ್ತಿದ್ದಳು. ಅದು ಕೋಮಲ ನಿಷಾದವೋ ಧೈವತವೋ? ಮನೆಯಲ್ಲಿ ಯಾರಿಗೂ ನೆನಪಿಲ್ಲ. ಭಾತಖಂಡೆಯಲ್ಲಿ ಅದಿಲ್ಲ, ರಾಗನಿಧಿಯಲ್ಲಿ ಅದಿಲ್ಲ, ಯಾವ ಸಂಗ್ರಹದಲ್ಲೂ ಇಲ್ಲ. ಸ್ವರಲಿಪಿ ನನಗೆ ಆಗಲೇ ಬರುತ್ತಿತ್ತು. ಅಜ್ಜಿಯ ಹಾಡಿಗೆ ಸ್ವರಲಿಪಿ ಯಾಕೆ ಎಂದು ಬಿಟ್ಟಿದ್ದೆ, ಅಷ್ಟೇ. ಕಾಕಾ ಹೇಳಿದ ಮಾತನ್ನು ಅಲ್ಲಿಯೂ ಮರೆತಿದ್ದೆ: ಹೆಸರು ಬರೆದುಕೊಂಡೆ, ಸ್ವರ ಬರೆದುಕೊಳ್ಳಲಿಲ್ಲ.

ನಿಮ್ಮ ಮನೆಗಳಲ್ಲಿ ಇನ್ನೂ ಹಾಡುವವರಿದ್ದಾರೆ. ಉಡುಪಿ ಕಡೆಯ ಅಜ್ಜಿ, ಕಲಬುರ್ಗಿ ಕಡೆಯ ಅತ್ತಿ, ಭಜನೆಯ ಮಾವ, ಯಕ್ಷಗಾನದ ಹಳೆಯ ಭಾಗವತರು. ನಿಮ್ಮ ಕೈಯಲ್ಲಿ ಮೊಬೈಲ್ ಇದೆ, ನಮಗೆ ಆ ಭಾಗ್ಯ ಇರಲಿಲ್ಲ. ಧ್ವನಿ ಹಿಡಿದಿಡಿ. ಜೊತೆಗೆ ಯಾರು ಹಾಡಿದ್ದು, ಯಾವ ಊರಿನ ಪದ, ಯಾವ ಕೆಲಸದ್ದು, ಯಾವ ದಿನ ಎಂದು ಬರೆದಿಡಿ. ಮೊಬೈಲ್ ಕೆಡುತ್ತದೆ, ಆದ್ದರಿಂದ ಸ್ವರಲಿಪಿಯನ್ನೂ ಕಾಗದದ ಮೇಲೆ ಇಳಿಸಿ. ಅರ್ಧ ತಪ್ಪಾದರೂ ಚಿಂತೆಯಿಲ್ಲ, ಇಲ್ಲದ್ದಕ್ಕಿಂತ ಅದು ಮೇಲು.

ಬರುವ ಸಂಚಿಕೆಗೆ ನಿಮ್ಮಲ್ಲಿ ಒಬ್ಬರಾದರೂ ತಮ್ಮ ಮನೆಯ ಒಂದು ಪದವನ್ನು ಸ್ವರ ಹಾಕಿ ಕಳಿಸಿ. ಲಿಪಿಯಲ್ಲಿ ಎಲ್ಲಿ ಎಡವಿದಿರೋ ಅಲ್ಲಿ ನಾವಿಬ್ಬರೂ ಕೂತು ತಿದ್ದೋಣ. ಭಾನುವಾರ ಬೆಳಿಗ್ಗೆ ನಾನು ಮನೆಯಲ್ಲೇ ಇರುತ್ತೇನೆ, ಪೇಟಿಯೂ ಇದೆ.